ಒಂದು ವಿಡಿಯೋ ತಪ್ಪಿಗೆ ಇಡೀ ಖಾತೆಗೆ ಬೀಗವೇ?

2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಕಾಂಗ್ರೆಸ್ ಪಕ್ಷದ ಮತ್ತು ಭಾರತ್ ಜೋಡೋ ಯಾತ್ರೆಯ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯುವಂತೆ ಟ್ವಿಟರ್‌ಗೆ ಆದೇಶಿಸಿತು. ಯಾತ್ರೆಯ ವಿಡಿಯೋಗಳಿಗೆ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂಬುದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆಯ ದೂರು. ಮರುದಿನವೇ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಆದರೆ ವಿವಾದದ ವಿಡಿಯೋಗಳನ್ನು ತೆಗೆಯಲೇಬೇಕು ಎಂದು ಷರತ್ತು ಹಾಕಿತು. ಪಕ್ಷ ಯಾವುದು ಎಂಬುದು ನನಗೆ ಮುಖ್ಯವಲ್ಲ. ಹೈಕೋರ್ಟ್ ಹಿಡಿದ ದಾರಿಯೇ ಸರಿ ಎಂದು ನನಗನಿಸುತ್ತದೆ.

ಕಾಂಪ್ಲೆಕ್ಸಿನ ಒಂದು ಮಳಿಗೆಯಲ್ಲಿ ಕದ್ದ ಮಾಲು ಸಿಕ್ಕರೆ ಇಡೀ ಕಾಂಪ್ಲೆಕ್ಸಿಗೆ ಬೀಗ ಹಾಕುವುದಿಲ್ಲ. ಆದರೆ ವಿಷಯ ಗೊತ್ತಾದ ಮೇಲೂ ಮಾಲೀಕ ಬಾಡಿಗೆ ಎಣಿಸುತ್ತ ಕೂತರೆ ಅವನೂ ತಪ್ಪಿತಸ್ಥನೇ. ಜಾಲತಾಣಗಳ ವಿಷಯದಲ್ಲೂ ನಮ್ಮ ಕಾನೂನು ಹೆಚ್ಚುಕಡಿಮೆ ಹೀಗೇ ಇದೆ. ಬೇರೆಯವರು ಹಾಕಿದ್ದಕ್ಕೆ ಜಾಲತಾಣವನ್ನು ಹೊಣೆ ಮಾಡದಂತೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ, ಷರತ್ತುಗಳೊಂದಿಗೆ. ಟಿ-ಸೀರೀಸ್‌ನ ಸೂಪರ್ ಕ್ಯಾಸೆಟ್ಸ್ ಸಂಸ್ಥೆ ಮೈಸ್ಪೇಸ್ ಮೇಲೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರಲ್ಲಿ ಇದನ್ನು ಬಿಡಿಸಿ ಹೇಳಿತು: ‘ನಿಮ್ಮಲ್ಲಿ ಕದ್ದ ಹಾಡುಗಳಿವೆ’ ಎಂದರೆ ಸಾಲದು, ಯಾವ ಹಾಡು, ಎಲ್ಲಿದೆ ಎಂದು ತೋರಿಸಬೇಕು. ತೋರಿಸಿದ ಮೇಲೆ ಜಾಲತಾಣ ಅದನ್ನು ತೆಗೆಯಬೇಕು.

ಇದು ದೊಡ್ಡ ಕಂಪನಿಗಳ ಜಗಳ, ನಮಗೇನು ಎನ್ನಬೇಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸುಗಳಲ್ಲಿ ಹಾಸನಕ್ಕೆ ಬರುವ ಪಿಯು ವಿದ್ಯಾರ್ಥಿಗಳ ಮೊಬೈಲ್ ತೆರೆದು ನೋಡಿ. ಟೆಲಿಗ್ರಾಮಿನಿಂದ ಇಳಿಸಿಕೊಂಡ ಗೈಡುಗಳ ಪಿಡಿಎಫ್ ಇದ್ದೇ ಇರುತ್ತದೆ. ನನ್ನದರಲ್ಲೂ ಇದೆ. ಅದೇ ಗ್ರೂಪಿನಲ್ಲಿ ಉಪನ್ಯಾಸಕರು ತಾವೇ ಬರೆದು ಹಾಕಿದ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳೂ ಇರುತ್ತವೆ. ಒಂದು ಗೈಡಿಗಾಗಿ ಇಡೀ ಗ್ರೂಪನ್ನೇ ಮುಚ್ಚಿಸಿದರೆ, ಟ್ಯೂಷನ್ನಿಗೆ ಕೊಡಲು ಹಣವಿಲ್ಲದವರು ಪರೀಕ್ಷೆಯ ಹಿಂದಿನ ವಾರ ಎಲ್ಲಿಗೆ ಹೋಗಬೇಕು?

ಹಾಗೆಂದು ಗೈಡು ಬರೆದವರನ್ನು ಮರೆಯುವುದೂ ಅನ್ಯಾಯ. ಅವರಲ್ಲಿ ಹೆಚ್ಚಿನವರು ನಮ್ಮ ಮೇಷ್ಟ್ರುಗಳಂಥವರೇ. ರಾತ್ರಿ ಕೂತು ಬರೆದ ಪುಸ್ತಕ ಬಿಡುಗಡೆಯಾದ ವಾರದಲ್ಲೇ ಪುಕ್ಕಟೆ ಹರಿದಾಡಿದರೆ, ಮುಂದಿನ ವರ್ಷ ಅವರು ಬರೆಯುವರೇ? ಅವರು ದೂರು ಕೊಡುವ ದಾರಿ ಸುಲಭವಾಗಿರಬೇಕು, ಕನ್ನಡದಲ್ಲೂ ಇರಬೇಕು. ಈಗ ಇಂಗ್ಲಿಷ್ ಫಾರಂ ತುಂಬಿಸುವಷ್ಟರಲ್ಲೇ ಅರ್ಧ ಜನ ಕೈಬಿಡುತ್ತಾರೆ.

ನಮ್ಮ ಗ್ರೂಪಿಗೆ ಇಂಥ ದೂರು ಬಂದರೆ ಅಡ್ಮಿನ್ ಆ ಪಿಡಿಎಫ್ ಒಂದನ್ನು ಅಂದೇ ತೆಗೆಯಲಿ, ನೋಟ್ಸ್ ಉಳಿಯಲಿ.