ಗದೆಯೋ, ಕಬ್ಬಿಣವೋ? ಬಲಸಾಧನೆಯ ವಿಚಾರ

ಹೋದ ತಿಂಗಳು ಒಂದು ಸಂಜೆ, ಕ್ಯಾಲನೂರಿನ ನಮ್ಮ ಮನೆಯ ಜಗಲಿಯ ಮೇಲೆ ಒಂದು ವಾದ ಹತ್ತಿಕೊಂಡಿತು. ಒಂದು ಪಕ್ಷದಲ್ಲಿ ಯೌವನದಲ್ಲಿ ಗರಡಿಯ ಮಟ್ಟಿಯಲ್ಲಿ ಸಾಮು ಮಾಡಿ, ಎಪ್ಪತ್ತು ದಾಟಿದ ಮೇಲೂ ಬೆನ್ನು ಬಾಗದೆ ನಡೆಯುವ ಹಿರಿಯರೊಬ್ಬರು. ಇನ್ನೊಂದು ಪಕ್ಷದಲ್ಲಿ ಪ್ರತಿದಿನವೂ ಕೋಲಾರಕ್ಕೆ ಹೋಗಿ ಕಬ್ಬಿಣದ ಭಾರಗಳನ್ನೆತ್ತಿ ಬರುವ ನೆರೆಮನೆಯ ತರುಣ. “ದಂಡ, ಬಸ್ಕಿ, ಗದೆ, ಇಷ್ಟರಲ್ಲೇ ಎಲ್ಲಾ ಇದೆ. ಯಂತ್ರದ ಮುಂದೆ ಕೂತು ಬೆಳೆಸಿದ ಮೈ ಹೊಲದ ಕೆಲಸಕ್ಕೆ ಬಾರದು” ಎಂಬುದು ಹಿರಿಯರ ಮಾತು. “ಗದೆ ತಿರುಗಿಸಿದರೆ ತೋಳು ಬಂದೀತು, ತೊಡೆ ಎಲ್ಲಿಂದ ಬರಬೇಕು?” ಎಂಬುದು ತರುಣನ ಪ್ರಶ್ನೆ. ಕಡೆಗೆ ಇಬ್ಬರೂ ನನ್ನ ಕಡೆ ತಿರುಗಿ, ಮೇಷ್ಟ್ರೇ ತೀರ್ಪು ಹೇಳಲಿ ಎಂದರು. ನಾನು ನಕ್ಕು ಸುಮ್ಮನಾದೆನು.

ಆದರೆ ಅವರು ಎದ್ದು ಹೋದ ಸ್ವಲ್ಪ ಹೊತ್ತಿಗೆ ಆ ತರುಣನ ತಾಯಿ ಬಂದು ಬಾಗಿಲ ಬಳಿ ನಿಂತರು. “ಮೇಷ್ಟ್ರೇ, ಎಷ್ಟು ಭಾರ ಎತ್ತಿದರೂ ಸೂಜಿಮದ್ದು ಹಾಕಿಸಿಕೊಳ್ಳದೆ ಮೈ ಕಟ್ಟೋದಿಲ್ಲವಂತೆ, ನಿಜವೇ? ದುಡ್ಡು ಕೇಳುತ್ತಿದ್ದಾನೆ. ರೇಷ್ಮೆಗೂಡು ಮಾರಿದ ಹಣ ಇದೆ. ಕೊಡಲೋ ಬೇಡವೋ?” ಎಂದರು. ಆಗ ನನಗೆ ನಗು ಬರಲಿಲ್ಲ. ಈ ಪ್ರಶ್ನೆ ಇನ್ನೂ ಅನೇಕ ಮನೆಗಳಲ್ಲಿ ಎದ್ದಿರಬಹುದಾದ್ದರಿಂದ, ವಿಚಾರ ಮಾಡಿ ತಿಳಿದದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಭಾರವೆತ್ತಿ ಬಲ ಬೆಳೆಸುವುದು ಹೊರಗಿನಿಂದ ಬಂದ ಹೊಸ ವಿದ್ಯೆಯೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಶಿಕ್ಷಣದ ವರ್ಣನೆಯುಂಟು. ಅಲ್ಲಿ ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನಾಶ್ರಯಿಸಿ ಮಾಡುವ ಸ್ತಂಭಶ್ರಮ ಎಂದು ಬೇರೆಬೇರೆಯಾಗಿ ಹೇಳಿದೆ. ಒಂದೇ ಸಾಧನೆಯಿಂದ ಎಲ್ಲವೂ ಸಿದ್ಧಿಸದೆಂಬುದನ್ನು ಆ ಕಾಲದವರೇ ಕಂಡುಕೊಂಡಿದ್ದರು.

ಇನ್ನು ನಮ್ಮ ಜಿಲ್ಲೆಯವರಿಗಂತೂ ಈ ವಾದದಲ್ಲಿ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಹುಟ್ಟಿದ ಕೆ. ವಿ. ಅಯ್ಯರ್ ಅವರನ್ನು ‘ರೂಪದರ್ಶಿ’ ಮತ್ತು ‘ಶಾಂತಲಾ’ ಕಾದಂಬರಿಗಳ ಕರ್ತೃವೆಂದು ಬಲ್ಲವರು ಹಲವರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಸ್ಥಾಪಿಸಿ, ಅಂಚೆಯ ಮೂಲಕವೂ ದೂರದೂರದವರಿಗೆ ಅಂಗಸಾಧನೆಯನ್ನು ಕಲಿಸಿದವರು ಅವರೇ. 1930ರಲ್ಲಿ ಮಾಂಸಖಂಡಗಳ ಬೆಳವಣಿಗೆಯ ಮೇಲೊಂದು ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ ಅದೇ ಲೇಖನಿ, 1937ರಲ್ಲಿ ಸೂರ್ಯನಮಸ್ಕಾರದ ಮೇಲೆಯೂ ಒಂದನ್ನು ಬರೆಯಿತು. ಕಬ್ಬಿಣದ ಭಾರವನ್ನೂ ಯೋಗಾಸನವನ್ನೂ ಅವರು ಎದುರುಬದುರಾಗಿ ನಿಲ್ಲಿಸಲಿಲ್ಲ, ಜೊತೆಗೂಡಿಸಿದರು. ನಮ್ಮ ಜಗಲಿಯ ವಾದಿಪ್ರತಿವಾದಿಗಳು ಇದನ್ನು ನೆನೆದಿದ್ದರೆ ಅರ್ಧ ಜಗಳ ಉಳಿಯುತ್ತಿತ್ತು.

ಈಗ ಮೂರು ಪದ್ಧತಿಗಳ ಗುಣದೋಷಗಳನ್ನು ನೋಡೋಣ.

ಮೊದಲನೆಯದು ಸ್ವದೇಹದ ಭಾರದಿಂದ ಮಾಡುವ ದಂಡ, ಬಸ್ಕಿ, ಸೂರ್ಯನಮಸ್ಕಾರಗಳು. ಇವಕ್ಕೆ ಕಾಸಿನ ಖರ್ಚಿಲ್ಲ. ಒಂದು ಚಾಪೆಯಷ್ಟು ಜಾಗ ಸಾಕು. ನೆಲಕ್ಕೆ ಕೈಯೂರಿ, ಮೈಯನ್ನು ನೇರವಾಗಿಟ್ಟು, ಎದೆಯನ್ನಿಳಿಸಿ ಏಳುವಾಗ ದೇಹದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. 60 ಕಿಲೋ ತೂಕದವನಿಗೆ ಇದು ಸುಮಾರು 40 ಕಿಲೋ ಎತ್ತಿದಂತೆ. ಹೊಸಬನಿಗೆ ಕಡಿಮೆಯ ಭಾರವಲ್ಲ. ಆದರೆ ಐವತ್ತು ದಂಡ ಸುಲಭವಾದ ಮೇಲೆ ನೂರಕ್ಕೆ ಹೋದರೆ ಹೆಚ್ಚುವುದು ಮುಖ್ಯವಾಗಿ ದಮ್ಮು, ಬಲವಲ್ಲ. ಭಾರ ಅಷ್ಟೇ ಉಳಿಯುತ್ತದೆ.

ಎರಡನೆಯದು ಗರಡಿಯ ಗದೆ, ಲೋಡು, ಗುಂಡುಕಲ್ಲುಗಳು. ಗದೆಯ ತೂಕವೆಲ್ಲ ಹಿಡಿಯಿಂದ ದೂರದ ತುದಿಯಲ್ಲಿರುವುದರಿಂದ ಸಣ್ಣ ಗದೆಯೂ ಕೈಗೆ ದೊಡ್ಡದಾಗುತ್ತದೆ. ಮುಷ್ಟಿ, ಮುಂಗೈ, ಭುಜ, ಬೆನ್ನು ಇವೆಲ್ಲ ಒಟ್ಟಾಗಿ ದುಡಿಯುವುದನ್ನು ಅದು ಕಲಿಸುತ್ತದೆ. ಗುಂಡನ್ನೆತ್ತುವವನಿಗೆ ಕಾಲು ಸೊಂಟಗಳ ಬಲವೂ ಬೇಕು. ಹಿಡಿಕೆಯಿಲ್ಲದ ವಸ್ತುವನ್ನೆತ್ತುವ ಈ ಅಭ್ಯಾಸ, ರಾಗಿಮೂಟೆಯನ್ನೂ 15 ಕಿಲೋ ಟೊಮೇಟೊ ಪೆಟ್ಟಿಗೆಯನ್ನೂ ಹೊರುವವರಿಗೆ ನೇರವಾಗಿ ಉಪಯೋಗಕ್ಕೆ ಬರತಕ್ಕದ್ದು. ಆದರೆ ಒಂದು ಗುಂಡಿನಿಂದ ಮುಂದಿನ ಗುಂಡಿಗೆ ಹತ್ತು ಹದಿನೈದು ಕಿಲೋ ಅಂತರವಿದ್ದರೆ ಶಿಷ್ಯನು ನಡುವೆ ನಿಂತುಬಿಡುತ್ತಾನೆ. ಇಲ್ಲವೇ ಹಟಮಾಡಿ ಬೆನ್ನು ನೋಯಿಸಿಕೊಳ್ಳುತ್ತಾನೆ.

ಮೂರನೆಯದು ಬಾರ್‌ಬೆಲ್, ಡಂಬೆಲ್ಲುಗಳು. ಇವುಗಳ ದೊಡ್ಡ ಗುಣವೆಂದರೆ ಅಳತೆ. ಈ ವಾರ 20 ಕಿಲೋ ಎತ್ತಿದವನು ಮುಂದಿನ ವಾರ 21 ಕಿಲೋ ಎತ್ತಬಹುದು. ತೊಡೆಗೆ, ಬೆನ್ನಿಗೆ, ಎದೆಗೆ ಬೇಕಾದಷ್ಟನ್ನೇ ಹಾಕಬಹುದು. ತರುಣನು ತೊಡೆಯ ವಿಷಯವಾಗಿ ಹೇಳಿದ್ದು ಆದಕಾರಣ ಸುಳ್ಳಲ್ಲ. ದೋಷವೆಂದರೆ, ಕ್ರಮವನ್ನು ತೋರಿಸುವ ಗುರುವಿಲ್ಲದೆ ಕನ್ನಡಿಯನ್ನೇ ಗುರುವಾಗಿ ಮಾಡಿಕೊಳ್ಳುವುದು.

ಹಾಗಾದರೆ ಸಿದ್ಧಾಂತವೇನು? ಸಾಧನಕ್ಕಿಂತ ಕ್ರಮವು ದೊಡ್ಡದು. ದಿನದಿನಕ್ಕೆ ಬೆಳೆಯುವ ಕರುವನ್ನು ಹೊತ್ತು ಹೊತ್ತು ಕಡೆಗೆ ಎತ್ತನ್ನೇ ಹೊತ್ತನೆಂದು ಗ್ರೀಕರು ತಮ್ಮ ಮಿಲೋ ಎಂಬ ಜಟ್ಟಿಯ ಕಥೆ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ವೈದ್ಯ ಥಾಮಸ್ ಡಿಲೋರ್ಮ್ ಎಂಬಾತನು, ಗಾಯಗೊಂಡ ಸೈನಿಕರ ಕ್ಷೀಣಿಸಿದ ಕಾಲುಗಳಿಗೆ ಭಾರವನ್ನು ಕ್ರಮಕ್ರಮವಾಗಿ ಏರಿಸಿ ಬಲ ತಂದುಕೊಟ್ಟು, 1945ರಲ್ಲಿ ಆ ವಿಧಾನವನ್ನು ಪ್ರಕಟಿಸಿದನು. ಆಮೇಲಿನ ಪರೀಕ್ಷೆಗಳಿಂದ ಇನ್ನೊಂದು ಸಂಗತಿಯೂ ತಿಳಿದಿದೆ. ಮಾಂಸಖಂಡ ದಪ್ಪವಾಗಲು ಭಾರವು ಹೆಚ್ಚಿರಲೇಬೇಕೆಂದಿಲ್ಲ. ಎಂಟು ಸಲ ಮಾತ್ರ ಎತ್ತಬಲ್ಲ ಭಾರವಾಗಲಿ, ಇಪ್ಪತ್ತೈದು ಸಲ ಎತ್ತಬಲ್ಲ ಭಾರವಾಗಲಿ, ಇನ್ನೆರಡು ಮೂರು ಸಲಕ್ಕಿಂತ ಹೆಚ್ಚು ಆಗದು ಎನ್ನುವವರೆಗೆ ಎತ್ತಿದರೆ ಬೆಳವಣಿಗೆ ಹೆಚ್ಚುಕಡಿಮೆ ಸಮನಾಗಿಯೇ ಬರುತ್ತದೆ. ಆದರೆ ದೊಡ್ಡ ಭಾರವನ್ನು ಒಮ್ಮೆಗೇ ಎತ್ತುವ ಬಲ ಬೇಕಾದವನು ದೊಡ್ಡ ಭಾರವನ್ನೇ ಅಭ್ಯಾಸ ಮಾಡಬೇಕು. ಯಾವುದನ್ನು ಅಭ್ಯಸಿಸುತ್ತೇವೆಯೋ ಅದೇ ಹೆಚ್ಚಾಗಿ ಕೈಹತ್ತುತ್ತದೆ.

ಇಲ್ಲಿ ಸಂಸ್ಕೃತ ಓದಿದವರು ಒಂದು ಆಕ್ಷೇಪವನ್ನೆತ್ತಬಹುದು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂದು ಸುಶ್ರುತ, ವಾಗ್ಭಟರು ವಿಧಿಸಿರುವಾಗ, ದಣಿಯುವ ತನಕ ಎತ್ತುವುದು ಶಾಸ್ತ್ರವಿರುದ್ಧವಲ್ಲವೇ? ಎರಡೂ ಒಂದೇ ಎಂದು ಎಳೆದು ಹೊಂದಿಸುವ ಆಸೆ ನನಗಿಲ್ಲ. ಆಚಾರ್ಯರು ಹೇಳಿದ್ದು ಇಡೀ ದೇಹದ ಆಯಾಸವನ್ನು ಕುರಿತು. ಈಗಿನವರು ಹೇಳುವುದು ಒಂದೊಂದು ಮಾಂಸಖಂಡದ ದುಡಿಮೆಯನ್ನು ಕುರಿತು. ತೋಳು ದಣಿದರೂ ಮನುಷ್ಯನು ಕಂಗೆಡದೆ ಮನೆಗೆ ಮರಳಿದರೆ ಎರಡು ಮಾತುಗಳಿಗೂ ಭಂಗವಿಲ್ಲ. ಒಮ್ಮೆ ದುಡಿದ ಅಂಗಕ್ಕೆ ಒಂದೆರಡು ದಿನ ವಿಶ್ರಾಂತಿ ಕೊಡುವುದನ್ನಂತೂ ಮರೆಯಬಾರದು.

ಆಹಾರದ ವಿಷಯ. ಭಾರವೆತ್ತುವವನಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 1.6 ಗ್ರಾಂ ಪ್ರೋಟೀನು ದೊರೆತರೆ ಸಾಕು. ಅದಕ್ಕಿಂತ ಹೆಚ್ಚು ತಿಂದುದರಿಂದ ಬೆಳವಣಿಗೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲವೆಂದು 2018ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ತೀರ್ಮಾನಿಸಿದರು. 60 ಕಿಲೋ ತೂಕದವನಿಗೆ ಇದು 96 ಗ್ರಾಂ ಆಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ, ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಉಂಟು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅರ್ಧ ಲೀಟರು ಹಾಲಿನಲ್ಲಿ 16 ಗ್ರಾಂ. ಮುದ್ದೆಯೊಂದನ್ನೇ ನುಂಗಿದರೆ ಸಾಲದು. ಮುದ್ದೆಯ ಜೊತೆಗೆ ಹುರುಳಿಸಾರೂ ಕಾಳೂ ಹಾಲೂ ಕೂಡಿದರೆ ನಮ್ಮ ಸೀಮೆಯ ಅಡುಗೆಮನೆಯಲ್ಲೇ ಈ ಲೆಕ್ಕ ತುಂಬೀತು.

ಸೂಜಿಮದ್ದಿನ ಮಾತಿಗೆ ಉತ್ತರ ಸ್ಪಷ್ಟವಾಗಿದೆ. ಅದಿಲ್ಲದೆ ಮೈ ಕಟ್ಟುವುದಿಲ್ಲವೆಂಬುದು ಸುಳ್ಳು. ಹೊರಗಿನಿಂದ ಪುರುಷ ಹಾರ್ಮೋನನ್ನು ತುಂಬಿದಾಗ ದೇಹವು ತಾನೇ ಅದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗಿ ಸಂತಾನಕ್ಕೇ ಅಡ್ಡಿಯಾಗಬಹುದು. ರಕ್ತದ ಒತ್ತಡ ಏರಿ ಹೃದಯ ಕೆಡಬಹುದು. ವೈದ್ಯರು ರೋಗಕ್ಕೆ ಕೊಡುವ ಮದ್ದು ಬೇರೆ, ಅಂದಕ್ಕಾಗಿ ಚುಚ್ಚಿಸಿಕೊಳ್ಳುವುದು ಬೇರೆ. ಇಷ್ಟನ್ನೂ ಆ ತಾಯಿಗೆ ಹೇಳಿದೆನು. ತರುಣನನ್ನೂ ಕರೆದು, ಅವನ ಹಿರಿಯ ಪ್ರತಿವಾದಿಯ ಎದುರಿಗೇ ಹೇಳಿದೆನು. ಆತನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂರು ತಿಂಗಳಲ್ಲಿ ಆಗುವುದು ಮೂರು ವರ್ಷ ಹಿಡಿಯುತ್ತಲ್ಲ ಮೇಷ್ಟ್ರೇ” ಎಂದನು. ಹಿರಿಯರು ವಾದವನ್ನೆಲ್ಲ ಬಿಟ್ಟು, “ಮೂರು ವರ್ಷದಲ್ಲಿ ಬಂದದ್ದು ಮೂವತ್ತು ವರ್ಷ ಇರುತ್ತಪ್ಪ. ನನಗೂ ಹಾಗೇ ಬಂತು” ಎಂದರು. ಗೂಡಿನ ಹಣ ಇಂದಿನವರೆಗೆ ಆ ತಾಯಿಯ ಪೆಟ್ಟಿಗೆಯಲ್ಲೇ ಇದೆ.

ಕಡೆಯದಾಗಿ ನನ್ನಂಥ ವಯಸ್ಸಾದವರಿಗೆ ಒಂದು ಮಾತು. ಬಲಸಾಧನೆ ಹುಡುಗರಿಗೆ ಮಾತ್ರ ಸೇರಿದ್ದೆಂದು ಮೂವತ್ತು ವರ್ಷ ಪಾಠಶಾಲೆಯಲ್ಲಿ ಕುಳಿತೇ ಕಳೆದೆನು. ಈಚೆಗೆ ಪೂಜೆಯ ಮಣೆಯಿಂದ ಏಳುವಾಗ ಗೋಡೆಯನ್ನು ಹಿಡಿಯಬೇಕಾಗಿ ಬಂದಾಗ ತಪ್ಪು ತಿಳಿಯಿತು. 1990ರಲ್ಲಿ ಅಮೆರಿಕೆಯಲ್ಲಿ ತೊಂಬತ್ತರ ಸುಮಾರಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನ ಭಾರಸಾಧನೆ ಮಾಡಿಸಿದ ವರದಿ ಪ್ರಕಟವಾಯಿತು. ಪೂರ್ತಿ ಮುಗಿಸಿದವರ ಕಾಲಿನ ಬಲ ಸರಾಸರಿಯಲ್ಲಿ ಮೊದಲಿನ ಎರಡೂವರೆ ಪಾಲನ್ನೂ ಮೀರಿತ್ತು. ವಾರಕ್ಕೆ ಎರಡು ದಿನವಾದರೂ ಬಲಸಾಧನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ್ದು ವಯಸ್ಕರಿಗೂ ವೃದ್ಧರಿಗೂ, ಗಂಡಸರಿಗೂ ಹೆಂಗಸರಿಗೂ.

ಮನೆಯಲ್ಲೇ ಹೀಗೆ ಮಾಡಬಹುದು: ಕುರ್ಚಿಯಿಂದ ಕೈಯೂರದೆ ಎಂಟು ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ದಂಡದಂತೆ ಬಾಗಿ ಏಳುವುದು, ಎರಡು ಕೈಗಳಲ್ಲೂ ಚೀಲ ಹಿಡಿದು ಅಂಗಳದಲ್ಲಿ ನಡೆಯುವುದು. ಒಂದೊಂದನ್ನೂ ಎರಡು ಮೂರು ಸರದಿ, ನಡುವೆ ಎರಡು ನಿಮಿಷ ವಿಶ್ರಾಂತಿ. ಉಸಿರು ಬಿಗಿಹಿಡಿಯಬಾರದು. ಹೃದ್ರೋಗ, ರಕ್ತದೊತ್ತಡವಿದ್ದವರು ವೈದ್ಯರನ್ನು ಮೊದಲು ಕೇಳತಕ್ಕದ್ದು. ಸುಲಭವಾದ ಮೇಲೆ ಅರ್ಧ ಕಿಲೋ ಸೇರಿಸುವುದು.

ನಾನು ಎರಡು ಕಿಲೋ ರಾಗಿಯ ಚೀಲವನ್ನು ಎದೆಗವಚಿಕೊಂಡು ಕುರ್ಚಿಯಿಂದ ಏಳುವುದನ್ನು ಆರಂಭಿಸಿದ್ದೇನೆ. ತರುಣನು ಲೆಕ್ಕ ಇಡುತ್ತಾನೆ. ಹಿರಿಯರು ತಪ್ಪು ತಿದ್ದುತ್ತಾರೆ. ಚೀಲ ಈಗ ಮೂರು ಕಿಲೋ ಆಗಿದೆ. ಜಗಲಿಯ ವಾದ ಇನ್ನೂ ಮುಗಿದಿಲ್ಲ. ಆದರೆ ವಾದಿಗಳಿಬ್ಬರೂ ಒಂದೇ ಶಿಷ್ಯನಿಗೆ ಪಾಠ ಹೇಳುವಂತಾಗಿದೆ.