ಮಧುಮೇಹಕ್ಕೆ ವಿಟಮಿನ್ ಮಾತ್ರೆ ಕಾವಲಲ್ಲ

ಮಧುಮೇಹಿಗಳೆಲ್ಲ ದಿನವೂ ವಿಟಮಿನ್ ಇ, ಸಿ ಮಾತ್ರೆ ನುಂಗಬೇಕೆಂದು ವಾದಿಸಿದ ಲೇಖನವೊಂದರಲ್ಲಿ ಅರ್ಧ ಮಾತ್ರ ಸತ್ಯವಿದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಜೀವಕೋಶದ ಮೈಟೋಕಾಂಡ್ರಿಯಾಗಳಲ್ಲಿ ಸೂಪರಾಕ್ಸೈಡ್ ಎಂಬ ಹಾನಿಕಾರಕ ಆಮ್ಲಜನಕದ ರೂಪ ಅತಿಯಾಗಿ ಹುಟ್ಟುತ್ತದೆ. ರಕ್ತನಾಳಗಳ ಹಾನಿಯ ಹಲವು ದಾರಿಗಳು ಅಲ್ಲಿಂದಲೇ ಕವಲೊಡೆಯುತ್ತವೆ ಎಂದು ಸಂಶೋಧಕ ಮೈಕೆಲ್ ಬ್ರೌನ್ಲೀ 2001ರಲ್ಲಿ ವಿವರಿಸಿದರು. ಆದರೆ ಈ ವಿವರಣೆಯಿಂದ ನೇರವಾಗಿ ಉತ್ಕರ್ಷಣ-ನಿರೋಧಕ ವಿಟಮಿನ್ ಮಾತ್ರೆಗೆ ಹಾರುವುದು ಸರಿಯಲ್ಲ. ಕೋಶದೊಳಗೆ ಈ ಹಾನಿಯನ್ನು ತಡೆಯುವುದು ಮುಖ್ಯವಾಗಿ ದೇಹವೇ ತಯಾರಿಸುವ ಗ್ಲುಟಾಥಯೋನ್, ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ನಂಥವು. ಹೊರಗಿನಿಂದ ನುಂಗಿದ ವಿಟಮಿನ್ ಸಕ್ಕರೆಯ ಒತ್ತಡವನ್ನು ತಗ್ಗಿಸುವುದಿಲ್ಲ.

ಊಹೆಗೆ ಬಿಡಬೇಕಾದ ವಿಷಯವೂ ಇದಲ್ಲ. ಹೃದ್ರೋಗದ ಅಪಾಯವುಳ್ಳವರ ಮೇಲೆ ನಡೆದ ಹೋಪ್ (HOPE) ಎಂಬ ಅಧ್ಯಯನದಲ್ಲಿದ್ದ 3,654 ಮಧುಮೇಹಿಗಳಲ್ಲಿ ಒಂದು ಗುಂಪು ಸುಮಾರು ನಾಲ್ಕೂವರೆ ವರ್ಷ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಸೇವಿಸಿತು; ಹೃದಯಾಘಾತವೂ ಪಾರ್ಶ್ವವಾಯುವೂ ತಗ್ಗಲಿಲ್ಲ. ಅದೇ ಅಧ್ಯಯನದ ಮುಂದುವರಿಕೆ 2005ರಲ್ಲಿ ಪ್ರಕಟವಾದಾಗ, ವಿಟಮಿನ್ ಗುಂಪಿನಲ್ಲಿ ಹೃದಯ ವೈಫಲ್ಯವೇ ಹೆಚ್ಚಿತ್ತು. ಹ್ಯಾಪ್ಟೊಗ್ಲೋಬಿನ್ 2-2 ಎಂಬ ಜೀನ್ ರೂಪವುಳ್ಳ ಮಧುಮೇಹಿಗಳಿಗೆ ಇಸ್ರೇಲಿನ ಅಧ್ಯಯನವೊಂದರಲ್ಲಿ ಲಾಭ ಕಂಡಿತಲ್ಲ ಎಂದು ಕೇಳಬಹುದು. ಕಂಡಿತು, ಒಪ್ಪೋಣ. ಆದರೆ ಜೀನ್ ಪರೀಕ್ಷಿಸಿ ಆರಿಸಿದ ಗುಂಪಿನ ಫಲಿತಾಂಶವನ್ನು ಎಲ್ಲರಿಗೂ ಹಂಚುವುದು ಯಾವ ನ್ಯಾಯ? ‘ತೊಂದರೆಯಂತೂ ಇಲ್ಲ’ ಎಂಬ ಸಮಾಧಾನವೂ ನಿಲ್ಲುವುದಿಲ್ಲ: ವ್ಯಾಯಾಮದಿಂದ ಸುಧಾರಿಸುವ ಇನ್ಸುಲಿನ್ ಸ್ಪಂದನೆಯನ್ನು ಈ ಎರಡು ವಿಟಮಿನ್‌ಗಳು ತಡೆದದ್ದನ್ನು ಆರೋಗ್ಯವಂತ ಯುವಕರ ಮೇಲಿನ 2009ರ ಜರ್ಮನ್ ಪ್ರಯೋಗ ತೋರಿಸಿತು. ಇತ್ತ, ಸಕ್ಕರೆಯ ಬಿಗಿ ನಿಯಂತ್ರಣದಿಂದ ಟೈಪ್ 1 ಮಧುಮೇಹಿಗಳಲ್ಲಿ ಹೊಸದಾಗಿ ಅಕ್ಷಿಪಟಲ ಕೆಡುವ ಅಪಾಯ ಶೇ. 76ರಷ್ಟು ಇಳಿದದ್ದು 1993ರಲ್ಲೇ ಸಾಬೀತಾಗಿದೆ. ಆ ಲೇಖನ ಇದರ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ.