‘ಟೇಕ್’ ಬಂದು ‘ಹಿಡಿ’ ಹೋಗುವ ಮುನ್ನ

ಇಂಗ್ಲಿಷಿನ ‘ಟೇಕ್’ ಎಂಬ ಪುಟ್ಟ ಕ್ರಿಯಾಪದದ ಅರ್ಥಗಳನ್ನು ಎಣಿಸಹೊರಟವರು ದಣಿಯುತ್ತಾರೆ. ಔಷಧಿಗೂ ಅದೇ, ಪರೀಕ್ಷೆಗೂ ಅದೇ. ರಜೆ, ಬಸ್ಸು, ಸ್ನಾನ, ಸೇಡು, ಸಮಯ ಎಲ್ಲಕ್ಕೂ ಅದೇ. ಸ್ವಾರಸ್ಯವೆಂದರೆ ಈ ಪದ ಇಂಗ್ಲಿಷಿನ ಹುಟ್ಟುಸೊತ್ತಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕಿದ್ದುದು ‘ನಿಮನ್’. ಜರ್ಮನ್ನಿನ ‘ನೇಮೆನ್’ ಅದರ ದಾಯಾದಿ. ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ ವಲಸಿಗರ ‘ತಾಕ’ ಬಂದು ಅದನ್ನು ಕ್ರಮೇಣ ಮೂಲೆಗೊತ್ತಿತು. ಜೋಮು ಹಿಡಿದ ಅಂಗಕ್ಕೆ ಅವರು ಹೇಳುವ ‘ನಂಬ್’ನಲ್ಲಿ ಆ ಹಳೆಯ ಪದದ ಕುರುಹು ಇಂದಿಗೂ ಇದೆ.

ಈಗ ಅದೇ ‘ಟೇಕ್’ ಕನ್ನಡದ ಕ್ರಿಯಾಪದಗಳನ್ನು ಮೂಲೆಗೊತ್ತುತ್ತಿದೆ, ಅದೂ ‘ತೆಗೆದುಕೊಳ್ಳು’ ಎಂಬ ಅಚ್ಚಕನ್ನಡದ ವೇಷದಲ್ಲಿ. ‘ಕಾಮಗಾರಿ ಮೂರು ತಿಂಗಳು ತೆಗೆದುಕೊಳ್ಳುತ್ತದೆ’ ಎಂದು ಬರೆಯುತ್ತೇವೆ. ‘ಸ್ನಾನ ತೆಗೆದುಕೊಂಡೆ’, ‘ಬಸ್ಸು ತೆಗೆದುಕೊಂಡು ಬಂದೆ’ ಎನ್ನುವುದೂ ಕಿವಿಗೆ ಬೀಳುತ್ತದೆ. ಬಸ್ಸು ತೆಗೆದುಕೊಳ್ಳುವುದೆಂದರೆ ಕನ್ನಡದಲ್ಲಿ ಅದನ್ನು ಖರೀದಿಸುವುದು! ನಾವು ಬಸ್ಸು ಹಿಡಿಯುವವರು, ರಜೆ ಹಾಕುವವರು, ಪರೀಕ್ಷೆ ಬರೆಯುವವರು, ಮಾತ್ರೆ ನುಂಗುವವರು, ಸೇಡು ತೀರಿಸಿಕೊಳ್ಳುವವರು.

ಕಾಲಕ್ಕೆ ಸಂಬಂಧಿಸಿದ ಮಾತನ್ನೇ ನೋಡಿ. ಕೆಲಸಕ್ಕೆ ಎರಡು ಗಂಟೆ ‘ಹಿಡಿಯುತ್ತದೆ’. ಧಾರವಾಡದ ಕಡೆ ಎರಡು ತಾಸು ‘ಹತ್ತತದ’. ಹೈದರಾಬಾದಿನ ನೆರೆಯವರ ‘ಪಟ್ಟಿಂದಿ’ ನಮ್ಮ ‘ಹಿಡಿಯಿತು’ವಿನಂತೆಯೇ ಇದೆ. ಮುಂಬಯಿ, ಪುಣೆಗಳಲ್ಲಿ ಮರಾಠಿಯ ‘ಲಾಗತೋ’ ಕೇಳುತ್ತೇವೆ, ಚೆನ್ನೈಯಲ್ಲಿ ತಮಿಳಿನ ‘ಆಗುಂ’. ನಮ್ಮ ಸುತ್ತಲಿನ ಭಾಷೆಗಳು ಈ ವಿಷಯದಲ್ಲಿ ನಮಗೆ ಎದುರಾಳಿಗಳಲ್ಲ.

‘ತೆಗೆದುಕೊಳ್ಳು’ ಎಲ್ಲೆಡೆಯೂ ತಪ್ಪೆಂದು ನನ್ನ ವಾದವಲ್ಲ. ಉಸಿರು ತೆಗೆದುಕೊಳ್ಳುವುದು ಸಹಜವಾಗಿಯೇ ಇದೆ. ‘ಪಾಲ್ಗೊಳ್ಳು’, ‘ಕೈಗೊಳ್ಳು’ ಎಂಬಲ್ಲಿ ನಮ್ಮ ಹಳೆಯ ‘ಕೊಳ್ಳು’ ಇದೇ ಅರ್ಥವನ್ನು ಎಷ್ಟು ಲಕ್ಷಣವಾಗಿ ಹೊತ್ತಿದೆ! ಬಸ್ಸು, ಫೋಟೋ ಎಂಬ ನಾಮಪದಗಳು ಬಂದದ್ದರಿಂದಲೂ ಕನ್ನಡ ಬಡವಾಗಲಿಲ್ಲ. ಆದರೆ ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು ಮನೆಯಲ್ಲಿ, ಹೆಚ್ಚೆಂದರೆ ನಾಲ್ಕಾರು ಪರಿಚಿತರಲ್ಲಿ. ನಾಮಪದ ಮರೆತರೆ ಅವರು ಬೆರಳು ತೋರಿಸಿ ಕೇಳಬಹುದು. ಕ್ರಿಯಾಪದದ ಸೂಕ್ಷ್ಮ ಕೇಳಿ ಕೇಳಿಯೇ ಬರಬೇಕು. ನಾವು ಆಡದಿದ್ದರೆ ಅವರಿಗೆ ಬೇರೆ ದಾರಿಯಿಲ್ಲ.

ನಮ್ಮ ಸಂಘಗಳ ಕನ್ನಡ ತರಗತಿಗಳಲ್ಲಿ ಹಣ್ಣು, ತರಕಾರಿ, ಬಣ್ಣಗಳ ಹೆಸರುಗಳನ್ನು ಉತ್ಸಾಹದಿಂದ ಕಲಿಸುತ್ತೇವೆ. ಅವುಗಳ ಜೊತೆಗೆ ‘ಹಿಡಿ’ ಎಂಬ ಒಂದೇ ಪದಕ್ಕೆ ಒಂದು ತಿಂಗಳು ಮೀಸಲಿಡಬಾರದೇಕೆ? ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಗು ಹಠ ಹಿಡಿಯುತ್ತದೆ, ಅಜ್ಜ ಹಾಸಿಗೆ ಹಿಡಿಯುತ್ತಾರೆ, ಡಬ್ಬಿಯಲ್ಲಿ ಎರಡು ಕಿಲೋ ಅಕ್ಕಿ ಹಿಡಿಯುತ್ತದೆ, ಸಂಜೆ ಹೊರಡುವ ಹೊತ್ತಿಗೆ ಮಳೆ ಹಿಡಿದುಕೊಳ್ಳುತ್ತದೆ. ಇವೆಲ್ಲವನ್ನೂ ‘ಟೇಕ್’ನಿಂದ ಹೇಳಲಾಗದೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.